ಟಸ್ಕನಿಯಲ್ಲಿ ಬಾಡಿಗೆ ಕಾರು: ಹಿರಿಯರನ್ನು ಕರೆದುಕೊಂಡು ಹೋಗುತ್ತಿದ್ದೇವೆ, ಸಲಹೆ ಬೇಕು

ಕುಕ್ಕರಹಳ್ಳಿ ವಾಸಿ (ಮೈಸೂರು) ಕೇಳಿದ್ದಾರೆ:

ನಮಸ್ಕಾರ. ಅಕ್ಟೋಬರ್ ಮೊದಲ ವಾರದಲ್ಲಿ ನಾನು, ನಮ್ಮ ಯಜಮಾನರು, ಅತ್ತೆ ಮತ್ತು ಮಾವ ಇಟಲಿಗೆ ಹೊರಟಿದ್ದೇವೆ. ರೋಮ್ ನೋಡಿಕೊಂಡು ರೈಲಿನಲ್ಲಿ ಫ್ಲಾರೆನ್ಸ್‌ಗೆ ಬರುವುದು ಖಚಿತವಾಗಿದೆ. ಅಲ್ಲಿಂದ ಮುಂದಿನದೇ ಯೋಚನೆ. ಸಿಯೆನಾ, ಸಾನ್ ಜಿಮಿನ್ಯಾನೊ, ಪಿಯೆನ್ಸಾ ಸುತ್ತಲಿನ ಹಳ್ಳಿಗಾಡನ್ನು ನೋಡಬೇಕೆಂಬ ಆಸೆ ಬಹಳ ದಿನದ್ದು. ಅತ್ತೆಯವರಿಗೆ ಮೊಣಕಾಲು ನೋವು. ಬಸ್ಸಿನಿಂದ ಬಸ್ಸಿಗೆ ಪೆಟ್ಟಿಗೆ ಎಳೆದುಕೊಂಡು ಓಡಾಡುವುದು ಆಗದ ಮಾತು. ಹಾಗಾಗಿ ಕಾರು ಬಾಡಿಗೆಗೆ ಪಡೆದು ನಾನೇ ಓಡಿಸಬೇಕೆಂದಿದ್ದೇನೆ. ಮನೆಯ ಸ್ವಿಫ್ಟ್ ಕಾರನ್ನು ಮಳೆಗಾಲದ ಶಿರಾಡಿ ಘಾಟಿಯಲ್ಲಿ ಓಡಿಸಿದವಳು, ಧೈರ್ಯಕ್ಕೆ ಕೊರತೆಯಿಲ್ಲ. ಆದರೆ ರಸ್ತೆಯ ಬಲಬದಿಯಲ್ಲಿ ಓಡಿಸಿ ಅಭ್ಯಾಸವಿಲ್ಲ.

ಟ್ರಾವೆಲ್ಸ್‌ನವರು ‘ನಿಮ್ಮ ಡಿಎಲ್ ಇಂಗ್ಲಿಷಿನಲ್ಲೇ ಇದೆ, ಅಂತರರಾಷ್ಟ್ರೀಯ ಪರವಾನಗಿಯೇನೂ ಬೇಡ’ ಎನ್ನುತ್ತಾರೆ. ಯಜಮಾನರ ಸಹೋದ್ಯೋಗಿಯೊಬ್ಬರು ಫ್ಲಾರೆನ್ಸ್ ಸುತ್ತಿ ಬಂದು ತಿಂಗಳುಗಳೇ ಕಳೆದ ಮೇಲೆ ಅವರ ಮನೆ ಬಾಗಿಲಿಗೆ ದಂಡದ ನೋಟಿಸ್ ಬಂತಂತೆ, ಅದೂ ಒಂದಲ್ಲ, ಎರಡು. ಅದನ್ನು ಕೇಳಿದಾಗಿನಿಂದ ಮಾವನವರು ‘ಚಾಲಕನಿರುವ ವ್ಯಾನನ್ನೇ ಗೊತ್ತು ಮಾಡಮ್ಮ’ ಎಂದು ಪಟ್ಟು ಹಿಡಿದಿದ್ದಾರೆ. ವಿಮೆಯ ವಿಷಯವಂತೂ ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ತಿಳಿಸಿ.

ಪೋ ನದಿ ದಂಡೆಯವ (ಟುರಿನ್) ಬರೆದಿದ್ದಾರೆ:

ಮೇಡಂ, ಕಾರನ್ನೇ ಪಡೆಯಿರಿ. ಟಸ್ಕನಿಯ ಹಳ್ಳಿಗಾಡು ಇರುವುದೇ ಹಾಗೆ. ಬಸ್ಸು ನಿಮ್ಮನ್ನು ಊರಿನ ಬಾಗಿಲಿಗೆ ಬಿಡುತ್ತದೆ, ಆದರೆ ನೋಡಬೇಕಾದದ್ದು ಊರು ಊರುಗಳ ನಡುವೆ ಇದೆ. ಒರ್ಚಾ ಕಣಿವೆಯನ್ನು 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಯಾವುದೋ ಒಂದು ಕಟ್ಟಡಕ್ಕಾಗಿ ಅಲ್ಲ, ಆ ಹೊಲ, ದಿಣ್ಣೆ, ಸಾಲುಮರಗಳಿಗಾಗಿ. ಅಲ್ಲಿ ಮನಸ್ಸು ಬಂದಲ್ಲಿ ನಿಲ್ಲಿಸುವ ಸ್ವಾತಂತ್ರ್ಯ ಇಲ್ಲದಿದ್ದರೆ ಹೋದದ್ದೇ ದಂಡ.

ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಫ್ಲಾರೆನ್ಸ್ ಊರೊಳಗೆ ಕಾರು ಬೇಡವೇ ಬೇಡ. ಇಟಲಿಯ ಹಳೆಯ ಊರುಗಳ ನಡುಭಾಗಕ್ಕೆ ಅಲ್ಲಿನ ನಿವಾಸಿಗಳು ಮತ್ತು ಅನುಮತಿ ಪಡೆದವರನ್ನು ಬಿಟ್ಟು ಬೇರೆಯವರ ವಾಹನಕ್ಕೆ ಪ್ರವೇಶವಿಲ್ಲ. ಇದಕ್ಕೆ ಜೆಡ್‌ಟಿಎಲ್ ವಲಯ ಎನ್ನುತ್ತಾರೆ. ಹೊತ್ತುಗೊತ್ತು ಊರಿನಿಂದ ಊರಿಗೆ ಬೇರೆ. ಅಲ್ಲಿ ಗೇಟಿಲ್ಲ, ಸರಪಳಿಯಿಲ್ಲ, ಸೀಟಿ ಊದುವ ಪೊಲೀಸರೂ ಇಲ್ಲ. ಬೀದಿಯ ಬಾಯಲ್ಲಿ ಕೆಂಪು ಅಂಚಿನ ಬಿಳಿ ದುಂಡು ಫಲಕ, ಪಕ್ಕದಲ್ಲಿ ಅಕ್ಷರ ಬೆಳಗುವ ಹಲಗೆ, ಮೇಲೊಂದು ಕ್ಯಾಮೆರಾ, ಅಷ್ಟೆ. ಹಲಗೆಯಲ್ಲಿ ‘ವಾರ್ಕೊ ಅತ್ತೀವೊ’ ಎಂದಿದ್ದರೆ ಒಳಗೆ ಹೋಗಬಾರದು, ‘ನೋನ್ ಅತ್ತೀವೊ’ ಎಂದಿದ್ದರೆ ಹೋಗಬಹುದು. ಇದನ್ನು ಓದುವಷ್ಟರಲ್ಲಿ ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಾನೆ, ಹೊಸಬರು ಒಳಗೆ ನುಗ್ಗಿಬಿಡುತ್ತಾರೆ. ಮೊಬೈಲಿನ ನಕ್ಷೆಯೂ ಎಷ್ಟೋ ಸಲ ಹತ್ತಿರದ ದಾರಿಯೆಂದು ಅಲ್ಲಿಗೇ ಕರೆದೊಯ್ಯುತ್ತದೆ. ಒಮ್ಮೆ ಒಳಹೊಕ್ಕು, ಹೊರಬಂದು, ಇನ್ನೊಂದು ಬೀದಿಯಿಂದ ಮತ್ತೆ ಹೊಕ್ಕರೆ ಅದು ಎರಡನೆಯ ಅಪರಾಧ. ನಿಮ್ಮ ಯಜಮಾನರ ಸಹೋದ್ಯೋಗಿಗೆ ಎರಡು ನೋಟಿಸ್ ಬಂದದ್ದು ಹೀಗೆಯೇ ಇರಬೇಕು.

ತಡವಾಗಿ ಬರುವುದಕ್ಕೂ ಕಾರಣವಿದೆ. ಕ್ಯಾಮೆರಾಕ್ಕೆ ಸಿಗುವುದು ಕಾರಿನ ಸಂಖ್ಯೆ ಮಾತ್ರ. ಆ ದಿನ ಕಾರು ಯಾರ ಕೈಯಲ್ಲಿತ್ತು ಎಂದು ನಗರ ಪೊಲೀಸರು ಬಾಡಿಗೆ ಕಂಪನಿಯನ್ನು ಕೇಳುತ್ತಾರೆ. ಹೆಸರು, ವಿಳಾಸ ಕೊಟ್ಟ ಕೆಲಸಕ್ಕೆ ಕಂಪನಿ ನಿಮ್ಮ ಕಾರ್ಡಿನಿಂದ ಸೇವಾ ಶುಲ್ಕ ಹಿಡಿಯುತ್ತದೆ. ಇದು ದಂಡವಲ್ಲ, ದಂಡ ಬೇರೆಯೇ ಬರುತ್ತದೆ. ಹೊರದೇಶದವರಿಗೆ ನೋಟಿಸ್ ತಲುಪಿಸಲು ಕಾನೂನು 360 ದಿನಗಳ ಕಾಲಾವಕಾಶ ಕೊಟ್ಟಿದೆ. ಕೈಗೆ ಬಂದ 5 ದಿನಗಳೊಳಗೆ ಕಟ್ಟಿದರೆ ಶೇ 30ರಷ್ಟು ರಿಯಾಯಿತಿ ಇದೆ.

ಇಷ್ಟನ್ನೂ ತಪ್ಪಿಸುವುದು ಸುಲಭ. ಫ್ಲಾರೆನ್ಸ್‌ನಲ್ಲಿರುವಷ್ಟು ದಿನ ನಡೆದು, ಟ್ರಾಮ್‌ನಲ್ಲಿ, ಟ್ಯಾಕ್ಸಿಯಲ್ಲಿ ಓಡಾಡಿ. ಊರು ಬಿಡುವ ದಿನ ಬೆಳಿಗ್ಗೆ ಪೆರೆತೊಲಾ ವಿಮಾನ ನಿಲ್ದಾಣಕ್ಕೆ ಹೋಗಿ ಅಲ್ಲಿ ಕಾರು ಪಡೆಯಿರಿ. ಟಿ2 ಟ್ರಾಮ್ ಅಲ್ಲಿಗೇ ಹೋಗುತ್ತದೆ, ಅತ್ತೆಯವರಿಗಾಗಿ ಟ್ಯಾಕ್ಸಿ ಮಾಡಿದರೂ ದೂರವೇನಿಲ್ಲ. ಅಲ್ಲಿಂದ ಹೊರಟರೆ ಹಳೆಯ ಊರಿನ ಸಹವಾಸವೇ ಇಲ್ಲದೆ ಹೆದ್ದಾರಿ ಸೇರುತ್ತೀರಿ. ಸಿಯೆನಾಕ್ಕೆ ಸುಂಕವಿಲ್ಲದ ವೇಗದ ರಸ್ತೆ ಇದೆ. ಆತುರವಿಲ್ಲದಿದ್ದರೆ ಗ್ರೇವೆ ಮೂಲಕ ಹೋಗುವ 222ನೇ ಸಂಖ್ಯೆಯ ಕಿಯಾಂತಿ ರಸ್ತೆ ಹಿಡಿಯಿರಿ. ದ್ರಾಕ್ಷಿ ಕೊಯ್ಲಿನ ಕೊನೆಯ ದಿನಗಳು ನಿಮಗೆ ಸಿಗಬಹುದು. ಮುಂದೆ ಎಂದಾದರೂ ಕಾರಿನಲ್ಲೇ ಫ್ಲಾರೆನ್ಸ್‌ಗೆ ಬರುವವರು ಎ1 ಹೆದ್ದಾರಿಯಿಂದಲೇ ನೇರ ಒಳಹೋಗುವ ವಿಲ್ಲಾ ಕೊಸ್ತಾಂಜಾ ನಿಲುಗಡೆಯಲ್ಲಿ ಕಾರು ಬಿಟ್ಟು ಟಿ1 ಟ್ರಾಮ್ ಹತ್ತಬಹುದು.

ಸಿಯೆನಾದಲ್ಲಿ ಸಾಂತಾ ಕಾತೆರೀನಾ ನಿಲುಗಡೆಯನ್ನೇ ಹುಡುಕಿ. ಅಲ್ಲಿಂದ ಮೇಲಿನ ಊರಿಗೆ ಎಸ್ಕಲೇಟರ್‌ಗಳಿವೆ, ಮೊಣಕಾಲಿಗೆ ಪುಣ್ಯ ಬರುತ್ತದೆ. ಸಾನ್ ಜಿಮಿನ್ಯಾನೊದಲ್ಲಿ ಕೋಟೆಗೋಡೆಯ ಹೊರಗೇ ನಿಲುಗಡೆಗಳಿವೆ. ನೆಲದ ಮೇಲಿನ ಗೆರೆ ಬಿಳಿಯಾದರೆ ಉಚಿತ, ನೀಲಿಯಾದರೆ ಹಣ, ಹಳದಿಯಾದರೆ ನಮ್ಮಂಥವರಿಗಲ್ಲ. ಬೀದಿ ಗುಡಿಸುವ ದಿನ, ಹೊತ್ತು ಬರೆದ ಫಲಕವಿದ್ದರೆ ಅದನ್ನೂ ಓದಿ. ಆ ರಾತ್ರಿ ನಿಲ್ಲಿಸಿದ ಕಾರನ್ನು ಎಳೆದೊಯ್ಯುತ್ತಾರೆ.

ಇನ್ನು ಮಾವನವರಿಗೆ ನನ್ನ ಪರವಾಗಿ ಹೇಳಿ: ಇಲ್ಲಿನ ರಸ್ತೆಯಲ್ಲಿ ಎದುರಿನವರು ಏನು ಮಾಡುತ್ತಾರೆಂದು ಊಹಿಸಬಹುದು. ಭಾರತದ ಪರವಾನಗಿಯನ್ನು ಇಲ್ಲಿಯದಕ್ಕೆ ಬದಲಾಯಿಸಿಕೊಡುವ ಒಪ್ಪಂದ ಇಲ್ಲದ್ದರಿಂದ, ಇಲ್ಲಿ ನೆಲೆಸಿದ ನಾನು ಇಟಾಲಿಯನ್ ಭಾಷೆಯಲ್ಲೇ ಓದಿ ಪರೀಕ್ಷೆ ಕಟ್ಟಿ ಹೊಸದಾಗಿ ಪರವಾನಗಿ ಪಡೆದೆ. ನಿಯಮಗಳನ್ನು ಒಂದೊಂದಾಗಿ ಕಲಿತ ಮೇಲೆ ಹೇಳುತ್ತಿದ್ದೇನೆ, ಶಿರಾಡಿಯಲ್ಲಿ ಓಡಿಸಿದ ಸೊಸೆಗೆ ಕಿಯಾಂತಿಯ ತಿರುವುಗಳು ಹೆಚ್ಚಲ್ಲ.

ತುಂಗಾ ತೀರದವಳು (ಶಿವಮೊಗ್ಗ) ಬರೆದಿದ್ದಾರೆ:

ಕಳೆದ ವರ್ಷ ಶರತ್ಕಾಲದಲ್ಲಿ ಅಪ್ಪ, ಅಮ್ಮನನ್ನು ಕೂರಿಸಿಕೊಂಡು ಇದೇ ದಾರಿಯಲ್ಲಿ ಹೋಗಿದ್ದೆ. ಕಾರಿನೊಳಗಿನ ವಿಷಯ ನಾನು ಹೇಳುತ್ತೇನೆ.

ನಿಮ್ಮ ಸ್ವಿಫ್ಟ್‌ನಲ್ಲಿ ಇಂಡಿಕೇಟರ್ ಕಡ್ಡಿ ಸ್ಟೀರಿಂಗ್‌ನ ಬಲಕ್ಕಿದೆ, ಅಲ್ಲಿ ಎಡಕ್ಕೆ. ಮೊದಮೊದಲು ತಿರುವಿಗೊಮ್ಮೆ ಸುಡುಬಿಸಿಲಿನಲ್ಲಿ ವೈಪರ್ ಆಡುತ್ತದೆ. ಅದರಿಂದ ಯಾರಿಗೂ ತೊಂದರೆಯಿಲ್ಲ, ಗಾಬರಿಯಾಗಬೇಡಿ. ಗೇರ್ ಮಾತ್ರ ಬಲಗೈಗೆ ಬರುವುದರಿಂದ ಆಟೊಮ್ಯಾಟಿಕ್ ಕಾರನ್ನೇ ಮುಂಚಿತವಾಗಿ ಕಾಯ್ದಿರಿಸಿ. ಅಲ್ಲಿ ಅವು ಕಡಿಮೆ, ಹೋದ ಮೇಲೆ ಕೇಳಿದರೆ ಸಿಗುವ ಭರವಸೆಯಿಲ್ಲ. ನಾಲ್ವರು ದೊಡ್ಡವರು, ನಾಲ್ಕು ಪೆಟ್ಟಿಗೆ ಎಂದರೆ ಸಣ್ಣ ಕಾರು ಸಾಲದು, ಡಿಕ್ಕಿ ಉದ್ದವಿರುವ ಸ್ಟೇಷನ್ ವ್ಯಾಗನ್ ನೋಡಿ. ಆದರೆ ಅಗಲದ ದೊಡ್ಡ ಗಾಡಿಯನ್ನು ತೆಗೆದುಕೊಳ್ಳಬೇಡಿ, ಹಳ್ಳಿಯ ಬೀದಿಗಳು ಕಿರಿದು.

ಬಲಬದಿಯ ಚಾಲನೆ ವಾಹನಗಳ ನಡುವೆ ಕಷ್ಟವಲ್ಲ, ಮುಂದಿನವರ ಹಿಂದೆ ಹೋಗುತ್ತೇವೆ. ಎಚ್ಚರ ಬೇಕಾದದ್ದು ಖಾಲಿ ರಸ್ತೆಯಲ್ಲಿ, ಅದರಲ್ಲೂ ಬೆಳಿಗ್ಗೆ ತಂಗಿದ ಮನೆಯಿಂದ ಹೊರಡುವಾಗ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ. ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕುಳಿತವರು ಪ್ರತಿ ಸಲ ‘ಬಲಕ್ಕೆ’ ಎಂದು ಗಟ್ಟಿಯಾಗಿ ಹೇಳಬೇಕು. ನಮ್ಮ ಅಪ್ಪ ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು, ನಿಮ್ಮ ಮಾವನವರಿಗೂ ವಹಿಸಿ. ನಾವು ಸರ್ಕಲ್‌ಗಳನ್ನು ಪ್ರದಕ್ಷಿಣೆ ಹಾಕುವವರು, ಅಲ್ಲಿ ಅಪ್ರದಕ್ಷಿಣೆ. ಸಾಮಾನ್ಯವಾಗಿ ಸರ್ಕಲ್‌ನೊಳಗೆ ಇರುವವರಿಗೆ ಮೊದಲ ಹಕ್ಕು, ನಿಂತು ನೋಡಿ ಸೇರಿಕೊಳ್ಳಿ.

ಈಗ ಕೌಂಟರಿನ ಮಾತು. ಕ್ರೆಡಿಟ್ ಕಾರ್ಡ್ ಕಾರು ಓಡಿಸುವವರ ಹೆಸರಿನಲ್ಲೇ ಇರಬೇಕು. ಯಜಮಾನರ ಕಾರ್ಡ್, ನಿಮ್ಮ ಚಾಲನೆ ಎಂದರೆ ಒಪ್ಪುವುದಿಲ್ಲ. ಡೆಬಿಟ್ ಕಾರ್ಡನ್ನು ಹಲವರು ಮುಟ್ಟುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆಯನ್ನು ಹೊರಡುವ ಮೊದಲೇ ಚಾಲೂ ಮಾಡಿ, ಮಿತಿ ಹೆಚ್ಚಿಸಿ, ಪಿನ್ ನೆನಪಿಟ್ಟುಕೊಳ್ಳಿ. ಬಾಡಿಗೆಯಲ್ಲಿ ಸಾಮಾನ್ಯವಾಗಿ ಅಪಘಾತ ಮತ್ತು ಕಳವಿನ ರಕ್ಷಣೆ ಸೇರಿಯೇ ಇರುತ್ತದೆ. ಆದರೆ ಹಾನಿಯಾದರೆ ಮೊದಲ ಒಂದಷ್ಟು ಮೊತ್ತ ನಾವೇ ಹೊರಬೇಕು. ಸಾವಿರ ಯೂರೋಗೂ ಮೇಲೆ ಇರುವುದು ಸಾಮಾನ್ಯ. ಆ ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಅದನ್ನು ಸೊನ್ನೆಗೆ ಇಳಿಸುವ ಹೆಚ್ಚುವರಿ ವಿಮೆಯನ್ನು ಮಾರಲೆಂದೇ ಕೌಂಟರಿನವರು ಒತ್ತಾಯಿಸುವುದು. ನನಗೆ ಸಿಕ್ಕವರು ‘ಇದು ಇಲ್ಲದಿದ್ದರೆ ಕೀ ಕೊಡುವಂತಿಲ್ಲ’ ಎಂದರು. ಕಾಯ್ದಿರಿಸಿದ ಕಾಗದ ತೋರಿಸಿ ಆ ಸಾಲು ಎಲ್ಲಿದೆ ಎಂದು ಕೇಳಿದೆ, ಕೀ ಬಂತು. ಬೇಕು, ಬೇಡ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ. ಹಿರಿಯರು ಜೊತೆಗಿದ್ದಾಗ ನೆಮ್ಮದಿಗಾಗಿ ಅದನ್ನು ತೆಗೆದುಕೊಳ್ಳುವುದೂ ಸರಿಯೇ. ಗಾಜು, ಟೈರು, ಕಾರಿನ ಅಡಿಭಾಗ ಅದರಲ್ಲಿ ಸೇರಿದೆಯೇ ಎಂದು ಮಾತ್ರ ಕೇಳಿ. ಒರ್ಚಾ ಕಣಿವೆಯ ತೋಟದ ಮನೆಗಳಿಗೆ ಹೋಗುವ ಬಿಳಿ ಜಲ್ಲಿ ರಸ್ತೆಗಳಲ್ಲಿ ಕಲ್ಲು ಸಿಡಿಯುವುದು ಅಲ್ಲಿಗೇ.

ಕಾರು ಕೈಗೆ ಬಂದ ತಕ್ಷಣ ಸುತ್ತಲೂ ವಿಡಿಯೊ ಮಾಡಿ, ಚಕ್ರದ ಅಂಚಿನ ಗೀಚುಗಳನ್ನೂ ಬಿಡಬೇಡಿ. ಅವರ ಕಾಗದದಲ್ಲಿ ಬರೆಯದ ಗೀಚು ಕಂಡರೆ ಬರೆಸಿಕೊಂಡೇ ಹೊರಡಿ.

ಹಳೆಯ ಖಾಕಿ (ಹುಬ್ಬಳ್ಳಿ) ಬರೆದಿದ್ದಾರೆ:

ನಾನು ಮೋಟಾರು ವಾಹನ ನಿರೀಕ್ಷಕನಾಗಿ ನಿವೃತ್ತನಾದವನು. ತಂಗೀ, ಟ್ರಾವೆಲ್ಸ್‌ನವರ ಮಾತು ಕೇಳಬೇಡಿ. ಇಟಲಿಯಲ್ಲಿ ಯುರೋಪಿನ ಹೊರಗಿನ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಇಲ್ಲವೇ ಅಧಿಕೃತ ಅನುವಾದ ಇರಬೇಕು. ಡಿಎಲ್ ಇಂಗ್ಲಿಷಿನಲ್ಲಿದೆ ಎಂಬುದು ಅಲ್ಲಿ ನಡೆಯುವುದಿಲ್ಲ. ಬಾಡಿಗೆ ಕೌಂಟರಿನಲ್ಲಿ ಯಾರೂ ಕೇಳದೆ ಇರಬಹುದು, ಆದರೆ ಅಪಘಾತವಾದ ದಿನ ಪೊಲೀಸರೂ ವಿಮೆಯವರೂ ಮೊದಲು ಕೇಳುವುದು ಅದನ್ನೇ.

ಪಡೆಯುವುದು ಕಷ್ಟವಲ್ಲ. ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಅರ್ಜಿ, ನಮೂನೆ 4ಎ. ಜೊತೆಗೆ ವೈದ್ಯರಿಂದ ನಮೂನೆ 1ಎ, ಡಿಎಲ್, ಪಾಸ್‌ಪೋರ್ಟ್, ವೀಸಾ, ಟಿಕೆಟ್ ಪ್ರತಿಗಳು. ಶುಲ್ಕ 1000 ರೂಪಾಯಿ. ನಿಮ್ಮ ಆರ್‌ಟಿಓ ಕಚೇರಿಯಲ್ಲೇ ಕೊಡುತ್ತಾರೆ. ಗರಿಷ್ಠ ಒಂದು ವರ್ಷ ನಡೆಯುತ್ತದೆ, ಹಾಗಾಗಿ ತೀರಾ ಮೊದಲೇ ಮಾಡಿಸಬೇಡಿ. ಇದು 1949ರ ಜಿನೀವಾ ಒಪ್ಪಂದದಂತೆ ಕೊಡುವ ಪುಸ್ತಿಕೆ. 2022ರಿಂದ ದೇಶಕ್ಕೆಲ್ಲ ಒಂದೇ ಮಾದರಿ ಬಂದಿದೆ, ಕ್ಯೂಆರ್ ಕೋಡ್ ಇರುತ್ತದೆ. ಮೂಲ ಡಿಎಲ್ ಮನೆಯಲ್ಲಿ ಬಿಟ್ಟು ಹೋದರೆ ಇದಕ್ಕೆ ಬೆಲೆಯಿಲ್ಲ, ಎರಡೂ ಕೈಯಲ್ಲಿರಲಿ. ಯಜಮಾನರೂ ಓಡಿಸುವುದಾದರೆ ಅವರಿಗೂ ಒಂದು ಮಾಡಿಸಿ, ಬಾಡಿಗೆ ಕರಾರಿನಲ್ಲಿ ಅವರ ಹೆಸರನ್ನೂ ಸೇರಿಸಿ.

ಕುಕ್ಕರಹಳ್ಳಿ ವಾಸಿ ಬರೆದಿದ್ದಾರೆ:

ಎಲ್ಲರಿಗೂ ಮನಸಾರೆ ವಂದನೆಗಳು. ಮೂರೂ ಉತ್ತರಗಳನ್ನು ಮಾವನವರಿಗೆ ಓದಿ ಹೇಳಿದೆ. ಅಣ್ಣನವರು ನಿವೃತ್ತ ನಿರೀಕ್ಷಕರೆಂದು ತಿಳಿದ ಮೇಲೆ ಮೆತ್ತಗಾಗಿದ್ದಾರೆ. ‘ಬಲಕ್ಕೆ’ ಎನ್ನುವ ಕೆಲಸವನ್ನು ಒಪ್ಪಿಕೊಂಡಿದ್ದಾರೆ. ಪೆರೆತೊಲಾದಲ್ಲೇ ಕಾರು ಕಾಯ್ದಿರಿಸುತ್ತೇನೆ, ಸೋಮವಾರ ಆರ್‌ಟಿಓ ಕಚೇರಿಗೂ ಹೋಗುತ್ತೇನೆ. ಇನ್ನೊಂದೇ ಪ್ರಶ್ನೆ: ಟೋಲ್ ಮತ್ತು ಪೆಟ್ರೋಲ್ ಹೇಗೆ?

ಪೋ ನದಿ ದಂಡೆಯವ ಬರೆದಿದ್ದಾರೆ:

ಹೆದ್ದಾರಿಗೆ ಹೊಕ್ಕುವಾಗ ಯಂತ್ರದಿಂದ ಚೀಟಿ ತೆಗೆದುಕೊಳ್ಳಿ, ಇಳಿಯುವಾಗ ಅದನ್ನು ತೂರಿಸಿ ಹಣ ಕೊಡಿ. ಹಳದಿ ಫಲಕದ ಟೆಲಿಪಾಸ್ ಸಾಲಿಗೆ ಹೋಗಬೇಡಿ, ಅದು ನಮ್ಮ ಫಾಸ್ಟ್ಯಾಗ್‌ನಂತೆ ಸಾಧನ ಇರುವವರಿಗೆ ಮಾತ್ರ. ಕಾರ್ಡನ್ನು ಯಂತ್ರ ಒಪ್ಪದಿದ್ದರೆ ಹಿಂದೆ ಸರಿಯಲು ಹೋಗದೆ ಸಹಾಯದ ಗುಂಡಿ ಒತ್ತಿ. ಬಾಕಿಯ ಚೀಟಿ ಕೊಡುತ್ತಾರೆ, 15 ದಿನಗಳೊಳಗೆ ಕಟ್ಟಬಹುದು. ವೇಗದ ಮಿತಿ ಹೆದ್ದಾರಿಯಲ್ಲಿ 130, ಮಳೆ ಬಂದರೆ 110, ಊರೊಳಗೆ 50. ಎ1ರಲ್ಲಿ ಎರಡು ಜಾಗಗಳ ನಡುವಿನ ಸರಾಸರಿ ವೇಗ ಅಳೆಯುವ ವ್ಯವಸ್ಥೆಯಿದೆ, ಕ್ಯಾಮೆರಾ ಕಂಡಲ್ಲಿ ನಿಧಾನಿಸಿದರೆ ಸಾಲದು.

ಬಂಕಿನಲ್ಲಿ ಪೆಟ್ರೋಲಿಗೆ ‘ಬೆನ್ಸೀನಾ’, ಡೀಸೆಲಿಗೆ ‘ಗಾಸೋಲಿಯೊ’ ಎನ್ನುತ್ತಾರೆ. ನಿಮ್ಮ ಕಾರಿಗೆ ಯಾವುದೆಂದು ಟ್ಯಾಂಕಿನ ಮುಚ್ಚಳದ ಒಳಗೆ ಬರೆದಿರುತ್ತದೆ. ‘ಸೆರ್ವೀತೊ’ ಎಂಬ ಕಡೆ ನಿಲ್ಲಿಸಿದರೆ ಆಳು ಬಂದು ಹಾಕುತ್ತಾನೆ, ಬೆಲೆ ಹೆಚ್ಚು. ಹಳ್ಳಿಗಳಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೂ ಭಾನುವಾರವೂ ಬಂಕಿನಲ್ಲಿ ಜನರಿರುವುದಿಲ್ಲ, ಯಂತ್ರಕ್ಕೆ ಮೊದಲೇ ಕಾರ್ಡ್ ಅಥವಾ ನೋಟು ಕೊಟ್ಟು ನೀವೇ ತುಂಬಿಸಿಕೊಳ್ಳಬೇಕು. ಕಾರ್ಡ್ ಹಾಕಿದರೆ ಸುಮಾರು 100 ಯೂರೋ ತಡೆಹಿಡಿದು, ಬಳಸಿದ್ದಕ್ಕಿಂತ ಹೆಚ್ಚಿನದನ್ನು ಕೆಲವು ದಿನಗಳಲ್ಲಿ ಬಿಡುತ್ತದೆ. 20 ಯೂರೋ ನೋಟುಗಳನ್ನು ಕೈಯಲ್ಲಿಟ್ಟುಕೊಂಡರೆ ಈ ತಾಪತ್ರಯವಿಲ್ಲ. ಕಾರು ಮರಳಿಸುವ ಮೊದಲು ವಿಮಾನ ನಿಲ್ದಾಣದ ಹತ್ತಿರವೇ ಟ್ಯಾಂಕ್ ತುಂಬಿಸಿ, ರಸೀದಿಯನ್ನು ಇಟ್ಟುಕೊಳ್ಳಿ.