ಸಹಾಯ ಬೇಕು: ಹಳೇ ಲ್ಯಾಪ್‌ಟಾಪ್‌ಗೆ ಒಳಗಿನ ಮೋಡೆಮ್ ಕಾರ್ಡ್

ಎಲ್ಲರಿಗೂ ನಮಸ್ಕಾರ, ನಾನು ಶಿರಸಿ ಕಡೆಯವನು. ಅಪ್ಪಯ್ಯನ ಥಿಂಕ್‌ಪ್ಯಾಡ್ ಟಿ60 ಲ್ಯಾಪ್‌ಟಾಪ್‌ನ ಮೋಡೆಮ್ (ಲ್ಯಾಪ್‌ಟಾಪನ್ನು ಫೋನ್ ತಂತಿಗೆ ಜೋಡಿಸುವ ಭಾಗ) ಮೊನ್ನೆ ಗುಡುಗು ಮಳೆಯಲ್ಲಿ ಹೋಯಿತು, ಸಿಡಿಲು ಫೋನ್ ತಂತಿಯಿಂದಲೇ ಬಂದಿರಬೇಕು. ಈಗ ಯಾಕೆ ಮೋಡೆಮ್ ಅಂತ ಕೇಳಬೇಡಿ. ನಮ್ಮ ಮನೆ ಹತ್ತಿರ ಮೊಬೈಲ್ ಸಿಗ್ನಲ್ ಇಲ್ಲ, ಅಪ್ಪಯ್ಯನಿಗೆ ಕಣ್ಣು ಮಂಜು, ವಿಂಡೋಸ್ ಎಕ್ಸ್‌ಪಿಯ ಫೋನ್ ಡಯಲರ್‌ನಲ್ಲಿ ದೊಡ್ಡಕ್ಷರದ ಹೆಸರು ಒತ್ತಿದರೆ ಲ್ಯಾಂಡ್‌ಲೈನ್‌ಗೆ ತಾನೇ ನಂಬರ್ ಹೋಗುತ್ತಿತ್ತು, ಅವರು ರಿಸೀವರ್ ಎತ್ತಿ ಮಾತಾಡುತ್ತಿದ್ದರು.

ಬಿಚ್ಚಿ ನೋಡಿದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಾರ್ಡ್, ಎರಡು ಸ್ಕ್ರೂ, ಫೋನ್ ಜಾಕ್‌ಗೆ ಹೋಗುವ ಎರಡೆಳೆ ವೈರ್. ವೈರ್ ಕೂರುವ ಜಾಗದ ಪಕ್ಕ ಒಂದು ಬಿಡಿಭಾಗ ಕಪ್ಪಾಗಿದೆ. ವಿಂಡೋಸ್‌ನಲ್ಲಿ ಮೋಡೆಮ್ ಕಾಣುತ್ತದೆ, ಆದರೆ ಡಯಲ್ ಟೋನ್ ಇಲ್ಲ ಅನ್ನುತ್ತದೆ. ಅದೇ ಫೋನ್ ಸಾಕೆಟ್‌ಗೆ ಟೆಲಿಫೋನ್ ಹಾಕಿದರೆ ಟೋನ್ ಚೆನ್ನಾಗಿ ಬರುತ್ತದೆ.

ಬೇಕಾಗಿರುವುದು 12 ಪಿನ್‌ನ ಎಂಡಿಸಿ 1.5 ಕಾರ್ಡ್ (ಲ್ಯಾಪ್‌ಟಾಪ್ ಒಳಗೆ ಕೂರುವ ಚಿಕ್ಕ ಮೋಡೆಮ್ ಕಾರ್ಡ್‌ನ ಮಾದರಿ), ಹೈ ಡೆಫಿನಿಷನ್ ಆಡಿಯೊ ಬೋರ್ಡ್‌ನದ್ದು. ಅದಕ್ಕೂ ಹಿಂದಿನ ಆಡಿಯೊ ಪದ್ಧತಿಯಾದ ಎಸಿ97 ಕಾಲದ್ದು ಕೂತರೂ ನಡೆಯುವುದಿಲ್ಲ, 30 ಪಿನ್‌ನ ಹಳೇದಂತೂ ಕೂರುವುದೇ ಇಲ್ಲ.

ಕಾರವಾರ, ಕುಮಟಾ, ಹೊನ್ನಾವರ ಕಡೆ ಯಾರ ಹತ್ತಿರವಾದರೂ ಕೆಟ್ಟು ಮೂಲೆಗೆ ಬಿದ್ದ ಟಿ60 ಇದ್ದರೆ ಹೇಳಿ, ನಾನೇ ಬಂದು ಬಿಚ್ಚಿಕೊಂಡು ಹೋಗುತ್ತೇನೆ, ದುಡ್ಡೂ ಕೊಡುತ್ತೇನೆ. ಇಲ್ಲದಿದ್ದರೆ ಆ ಸುಟ್ಟ ಭಾಗ ಬದಲಿಸಿ ಬೆಸುಗೆ ಹಾಕಿಕೊಡುವವರು ಯಾರಾದರೂ ಗೊತ್ತಾ? ಯುಎಸ್‌ಬಿ ಮೋಡೆಮ್ ಆಗಬಹುದು, ಆದರೆ ಹೊರಗೆ ನೇತಾಡುವ ವೈರ್ ಅಪ್ಪಯ್ಯನ ಕೈಗೆ ಸಿಕ್ಕಿ ಕಿತ್ತುಬರುತ್ತದೆ ಅನ್ನೋ ಹೆದರಿಕೆ.