ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನಾತ: ಭಾನುವಾರ ಬೆಳಿಗ್ಗೆ 7ಕ್ಕೆ ತೊಟ್ಟಿಯ ಬಳಿ ಸೇರೋಣ

ಮನೆ 12: ಇಂದೂ ಸರಿಯಾಗಿ ಐದು ಗಂಟೆಗೆ ಕೊಳೆತ ಮೊಟ್ಟೆಯ ನಾತ. ಅತ್ತೆಯವರು ದೇವರ ಮನೆಯ ಕಿಟಕಿಯನ್ನೂ ಮುಚ್ಚಿಸಿದ್ದಾರೆ. ಸಮಿತಿಯವರು ಬಾಯಿ ಬಿಡುತ್ತೀರಾ?

ಮನೆ 41: ಬ್ಲೀಚಿಂಗ್ ಪುಡಿ ಸುರಿಸಿದ್ದಾಯಿತು ಮೇಡಂ. ಇನ್ನೊಂದು ಮೂಟೆ ತರಿಸುತ್ತೇನೆ.

ಮನೆ 27: ದಯವಿಟ್ಟು ಬೇಡ ಸಾರ್, ಇರುವ ಬ್ಯಾಕ್ಟೀರಿಯಾವೂ ಸಾಯುತ್ತದೆ. ನಿನ್ನೆ ತೊಟ್ಟಿಯಲ್ಲಿ ತೇಲುವ ಪ್ಲಾಸ್ಟಿಕ್ ಬಿಲ್ಲೆಗಳನ್ನು ಎತ್ತಿಸಿ ನೋಡಿದೆ. ಪುಟ್ಟ ಗಾಡಿಚಕ್ರದಂತಿವೆ. ಒಳಗೋಡೆಗೆ ತೆಳುವಾದ ಕಂದು ಪದರ ಹತ್ತಿರಬೇಕಿತ್ತು, ಹತ್ತಿರುವುದು ಕಪ್ಪು ಲೋಳೆ. ಎರಡು ಸಲ ಸೋಪು ಹಾಕಿದರೂ ಬೆರಳಿನ ವಾಸನೆ ಹೋಗಲಿಲ್ಲ.

ಆ ಕಂದು ಪದರವೇ ನಮ್ಮ ಫಿಲ್ಟರ್. ಕಾಫಿ ಫಿಲ್ಟರಿನಂತೆ ಅದು ಸೋಸುವುದಿಲ್ಲ, ತಿನ್ನುತ್ತದೆ. ನೀರಿನಲ್ಲಿ ಕರಗಿದ ಕೊಳೆ ಬ್ಯಾಕ್ಟೀರಿಯಾಕ್ಕೆ ಊಟ. ಇನ್ನೊಂದು ಬಗೆಯವು ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ಹಳೆಯ ಕಾಲದಲ್ಲಿ ಜಲ್ಲಿಕಲ್ಲಿನ ರಾಶಿಯ ಮೇಲೆ ಕೊಳಚೆ ಚಿಮುಕಿಸುತ್ತಿದ್ದರು, ಕಲ್ಲಿನ ಸಂದಿಯಲ್ಲಿ ಗಾಳಿ ತಾನಾಗಿ ಆಡುತ್ತಿತ್ತು. ನಮ್ಮ ಬಿಲ್ಲೆಗಳು ನೀರಿನಲ್ಲೇ ಇರುವುದರಿಂದ ಬ್ಲೋವರ್ ಊದಲೇಬೇಕು. ಲೀಟರಿಗೆ 2 ಮಿಲಿಗ್ರಾಂ ಆಮ್ಲಜನಕವಾದರೂ ಬೇಕು. ಈ ವಿದ್ಯೆ ಊರಿಗೆ ಹೊಸದೇನಲ್ಲ: 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗಾಳಿ ಊದಿ ಕೊಳಚೆ ಶುದ್ಧಗೊಳಿಸಿದ ಪ್ರಯೋಗಗಳ ಹಿಂದಿದ್ದ ಗಿಲ್ಬರ್ಟ್ ಫೌಲರ್ ಮುಂದೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಪ್ರಾಧ್ಯಾಪಕರಾಗಿದ್ದರು.

ಈಗ ಹೇಳಿ, ರಾತ್ರಿ ಹತ್ತರಿಂದ ಐದರವರೆಗೆ ಬ್ಲೋವರ್ ಆರಿಸುತ್ತಿರುವವರು ಯಾರು?

ಮನೆ 41: ಟೈಮರ್ ಹಾಕಿಸಿದವನು ನಾನೇ. ವಿದ್ಯುತ್ ಬಿಲ್ ಹೆಚ್ಚಾಯಿತೆಂದು ಸಭೆಯಲ್ಲಿ ಕೂಗಾಡಿದವರು ನೀವೆಲ್ಲರೂ.

ಮನೆ 27: ಒಪ್ಪಿದೆ, ನಾನೂ ಕೂಗಾಡಿದ್ದೆ. ಆದರೆ ಏಳು ಗಂಟೆ ಗಾಳಿಯಿಲ್ಲದಿದ್ದರೆ ಗಾಳಿ ಬೇಡದ ಬ್ಯಾಕ್ಟೀರಿಯಾ ಮೇಲುಗೈ ಪಡೆದು ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಅನಿಲ ಮಾಡುತ್ತವೆ. ಐದಕ್ಕೆ ಬ್ಲೋವರ್ ಶುರುವಾದ ಕೂಡಲೇ ನೀರಿನಲ್ಲಿದ್ದ ಅನಿಲವೆಲ್ಲ ಗುಳುಗುಳು ಎಂದು ಮೇಲೆ ಬರುತ್ತದೆ. 12ರ ಮೇಡಂ ಮೂಗು ಗಡಿಯಾರಕ್ಕಿಂತ ಕರಾರುವಾಕ್ಕು.

ಮನೆ 12: 😄 ಹಾಗಾದರೆ ಟೈಮರ್ ತೆಗೆದರೆ ನಾಳೆಯೇ ಸರಿಹೋಗುತ್ತದೆಯೇ?

ಮನೆ 27: ಇಲ್ಲ. ಪದರ ಮತ್ತೆ ಬೆಳೆಯಲು ಎರಡು ಮೂರು ವಾರ ಬೇಕು. ಪಕ್ಕದ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಿಂದ ನಾಲ್ಕು ಕ್ಯಾನ್ ಜೀವಂತ ಕೆಸರು ಕೇಳಿದ್ದೇನೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಮನೆ 63: ಕೆಸರು ತರಲು ನನ್ನ ಪಿಕಪ್ ಇದೆ. ಟಾರ್ಪಾಲಿನ್ ಮಾತ್ರ ಯಾರಾದರೂ ಕೊಡಿ. ಮನೆಗಳಲ್ಲಿ ಆ್ಯಸಿಡ್, ಫಿನಾಯಿಲ್ ಬಾಟಲಿಗಟ್ಟಲೆ ಸುರಿಯುವುದಕ್ಕೆ ಏನು ಮಾಡೋಣ?

ಮನೆ 12: ಮನೆಕೆಲಸದವರಿಗೆ ನಾನು ಹೇಳುತ್ತೇನೆ. ನಿಮ್ಮ ನಿಮ್ಮ ಮನೆಯ ಗಂಡಸರಿಗೆ ನೀವೇ ಹೇಳಿಕೊಳ್ಳಿ.

ಮನೆ 41: ಟೈಮರ್ ಪೆಟ್ಟಿಗೆಯ ಕೀಲಿ ನನ್ನ ಬಳಿ ಇದೆ. ಈಗಲೇ ಇಳಿದು ಹೋಗುತ್ತಿದ್ದೇನೆ. ಭಾನುವಾರದವರೆಗೆ ಕಾಯುವುದೇಕೆ?