ಗಾಳಿಮರದ ತೊಗಟೆಯಡಿ ಕರಿಪುಡಿ: ಮನೆಯವರ ಸೀನಿಗೆ ಇದೇ ಕಾರಣವೇ?

ಪ್ರಶ್ನೆ: ಮಾಜಾಳಿ_ಪಡುಬದಿ

ಕಡಲಿಗೂ ಅಂಗಳಕ್ಕೂ ನಡುವೆ, ಮನೆಯ ಪಡುವಣಕ್ಕೆ, ಸ್ವಂತ ಜಾಗದಲ್ಲಿ 14 ಗಾಳಿಮರಗಳಿವೆ. ಮೂರರ ತುದಿ ಹಳದಿಗಟ್ಟಿ ಒಣಗುತ್ತಿದೆ. ಆ ಮೂರರ ಕಾಂಡದಲ್ಲಿ ಬುಡದಿಂದ ಎದೆಮಟ್ಟದ ತನಕ ತೊಗಟೆ ಬೊಕ್ಕೆಯಂತೆ ಉಬ್ಬಿದೆ. ಒಡೆದಲ್ಲಿ ಒಳಗೆ ಮಸಿಯಂಥ ಪುಡಿ, ಮುಟ್ಟಿದರೆ ಕೈಗೆ ಹತ್ತುತ್ತದೆ. ಫೆಬ್ರುವರಿಯಿಂದ ಮನೆಯಲ್ಲಿ ಇಬ್ಬರಿಗೆ ಮಧ್ಯಾಹ್ನವಾದರೆ ಸಾಲು ಸೀನು, ಕಣ್ಣು ತುರಿಕೆ. ವಿದೇಶದ ಸಿಕಮೋರ್ ಮರಕ್ಕೆ ಇಂಥದ್ದೇ ಕಪ್ಪು ರೋಗ ಬಂದು ಜನರ ಶ್ವಾಸಕೋಶ ಕೆಡುತ್ತದೆ ಎಂದು ಓದಿದ ಮೇಲೆ ಭಯವಾಗಿದೆ. ಎಲ್ಲ ಮರ ಕಡಿಸಬೇಕೇ?

ಉತ್ತರ 1: ಬೇರುಕಾಂಡ

ಎಲ್ಲ ಕಡಿಸಬೇಡಿ. ನೀವು ಹೇಳಿದ ಲಕ್ಷಣ ಗಾಳಿಮರದ ಬೊಕ್ಕೆ ತೊಗಟೆ ರೋಗದ್ದು. ಟ್ರೈಕೋಸ್ಪೋರಿಯಮ್ ವೆಸಿಕ್ಯುಲೋಸಮ್ ಎಂಬ ಶಿಲೀಂಧ್ರ ತೊಗಟೆಯಡಿ ಬೆಳೆದು ಬೊಕ್ಕೆ ಎಬ್ಬಿಸುತ್ತದೆ, ಬೊಕ್ಕೆ ಒಡೆದಾಗ ಉದುರುವ ಕರಿಪುಡಿ ಅದರ ಬೀಜಕಣ. ಉರುವಲಿಗೆಂದು ಕೆಳಗಿನ ಕೊಂಬೆ ಸವರಿದ ಗಾಯದಿಂದ ಒಳಹೊಗುತ್ತದೆ. ಒಂದಕ್ಕೊಂದು ಹೆಣೆದುಕೊಂಡ ಬೇರುಗಳ ಮೂಲಕ ಪಕ್ಕದ ಮರಕ್ಕೂ ದಾಟುತ್ತದೆ. ತುದಿ ಒಣಗಿದ ಮೇಲೆ ಯಾವ ಔಷಧ ಹೊಡೆದರೂ ಮರ ಉಳಿಯುವುದಿಲ್ಲ.

ಮೊದಲು ಬೇರೆ ಕಾರಣ ಅಲ್ಲವೆಂದು ಖಚಿತ ಮಾಡಿಕೊಳ್ಳಿ. ಕಡಲ ಕಡೆಯ ಮಗ್ಗುಲು ಮಾತ್ರ ಕಂದಿದ್ದರೆ ಅದು ಉಪ್ಪುಗಾಳಿ. ಕವಲಿನ ಹತ್ತಿರ ತೊಗಟೆಯ ಮೇಲೆ ಕಂದು ಹಿಕ್ಕೆ-ನೂಲಿನ ಪಟ್ಟಿ ಕಂಡರೆ ತೊಗಟೆ ತಿನ್ನುವ ಹುಳು. ಬೊಕ್ಕೆಯೇ ಇಲ್ಲದೆ ಇಡೀ ಮರ ಬಾಡಿದರೆ ಬುಡದ ಬೇರಿನ ಹಸಿ ತುಂಡನ್ನು ಗಾಜಿನ ಲೋಟದ ತಿಳಿನೀರಲ್ಲಿ ತೂಗುಬಿಡಿ. ಹತ್ತು ನಿಮಿಷದೊಳಗೆ ಹಾಲಿನ ಎಳೆಯಂತೆ ಇಳಿದರೆ ಅದು ರಾಲ್ಸ್ಟೋನಿಯಾ ಬ್ಯಾಕ್ಟೀರಿಯಾದ ಸೊರಗು ರೋಗ.

ಆ ಮೂರನ್ನು ತೆಗೆಯುವಾಗ ಪುಡಿ ಏಳದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ. 16 ಲೀಟರ್ ಬೆನ್ನು ಪಂಪಿನ ನೀರಿಗೆ ಒಂದು ಚಮಚ ಸೋಪಿನ ದ್ರಾವಣ ಬೆರೆಸಿ (ಬರೀ ನೀರು ಪುಡಿಯ ಮೇಲೆ ಜಾರಿಹೋಗುತ್ತದೆ), ಬೊಕ್ಕೆಗಳು ತೊಯ್ಯುವಂತೆ ಮೆಲ್ಲಗೆ ಸಿಂಪಡಿಸಿ. ರಭಸದ ಪೈಪು ಬೇಡ, ಪುಡಿ ಹಾರುತ್ತದೆ. ಯಂತ್ರದ ಗರಗಸಕ್ಕಿಂತ ಕೈಗರಗಸ ವಾಸಿ. ಕಡಿಯುವವರೆಲ್ಲ ಎನ್95 ಮಾಸ್ಕ್ ಕಟ್ಟಲಿ, ಬಾಯಿಗೆ ಸುತ್ತಿದ ಟವೆಲ್ಲಿನಿಂದ ಪ್ರಯೋಜನವಿಲ್ಲ. ತೊಗಟೆ ಸುಲಿಯಬೇಡಿ. ಆ ಕಟ್ಟಿಗೆಯನ್ನು ಅಡಿಗೆಮನೆಯ ಗೋಡೆಗೆ ಒರಗಿಸಿ ಒಟ್ಟಲೇಬೇಡಿ. ಒಣಗಿದಂತೆಲ್ಲ ಪುಡಿ ಉದುರುತ್ತಲೇ ಇರುತ್ತದೆ.

ಸುಡುವುದಾದರೆ ಬೆಳಿಗ್ಗೆ ಬೇಗ. ಆಗ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಹೊಗೆ ಅತ್ತ ಹೋಗುತ್ತದೆ. ಹನ್ನೊಂದರ ನಂತರ ಗಾಳಿ ತಿರುಗಿ ಹೊಗೆಯೆಲ್ಲ ಮನೆಯೊಳಗೆ ಬರುತ್ತದೆ. ಸುತ್ತ ಹತ್ತಡಿ ದರಕು ಗುಡಿಸಿ, ಕೊಡಪಾನ ತುಂಬಿಟ್ಟುಕೊಂಡೇ ಬೆಂಕಿ ಹಚ್ಚಿ.

ಬುಡ, ದಪ್ಪ ಬೇರು ಕಿತ್ತ ಮೇಲೆ ಉಳಿದ ಮರಗಳ ಕಡೆಗೆ ಎರಡಡಿ ಆಳ, ಒಂದಡಿ ಅಗಲದ ಅಗಳು ತೋಡಿ. ಮರಳಿನಲ್ಲಿ ಅಂಚು ಕುಸಿಯುತ್ತದೆ, ಚಿಂತೆಯಿಲ್ಲ. ಬೇರಿನ ಕೊಂಡಿ ಕತ್ತರಿಸಿದರೆ ಸಾಕು, ಮಣ್ಣು ಮತ್ತೆ ಮುಚ್ಚಬಹುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಗಾಳಿಮರ ವಿನಾಯಿತಿಯ ಪಟ್ಟಿಯಲ್ಲಿದೆ. ಆದರೂ ಕಡಲಂಚಿನ ಜಾಗವಾದ್ದರಿಂದ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಕೊಡಲಿ ಎತ್ತಿ.

ಉತ್ತರ 2: ಘಟ್ಟದ_ಮೇಲೆ_ಶಿರಸಿ

ಸಿಕಮೋರ್ ಎಂಬ ಹೆಸರಿನಿಂದ ಗೊಂದಲ ಬಹಳ. ಬ್ರಿಟನ್ನಿನಲ್ಲಿ ಅದು ಏಸರ್ ಸೂಡೋಪ್ಲಾಟನಸ್, ಮೇಪಲ್ ಜಾತಿಯ ಮರ. ಕಪ್ಪು ತೊಗಟೆ ರೋಗ ಬರುವುದು ಅದಕ್ಕೆ, ಶಿಲೀಂಧ್ರವಾದ ಕ್ರಿಪ್ಟೋಸ್ಟ್ರೋಮಾ ಕಾರ್ಟಿಕೇಲ್‌ನಿಂದ. ಲಂಡನ್ನಿನಲ್ಲಿ 1945ರಲ್ಲಿ ಕಂಡುಬಂತು, ಬಿಸಿಲು ಜೋರಾಗಿ ಮರ ಬಾಯಾರಿದ ವರ್ಷಗಳಲ್ಲಿ ಹೆಚ್ಚು. ಅಮೆರಿಕದಲ್ಲಿ ಸಿಕಮೋರ್ ಅಂದರೆ ಪ್ಲಾಟನಸ್ ಎಂಬ ಬೇರೆಯೇ ಮರ. ಅದಕ್ಕೆ ಬರುವ ಚಿಬ್ಬು ರೋಗದಿಂದ ವಸಂತದಲ್ಲಿ ಎಳೆ ಎಲೆ ಸುಟ್ಟಂತಾಗಿ ಉದುರುತ್ತದೆ, ಸೀನು ತರುವುದು ಆ ರೋಗವಲ್ಲ, ಮರದ ಪರಾಗ. ಗಂಟಲು ಕೆರೆಸುವುದು ಎಲೆಯ ಸಣ್ಣ ರೋಮ. ಇನ್ನು ಸಿಕಮೋರನ್ನು ಕೆಲವರು ಅತ್ತಿ ಎಂದು ಅನುವಾದಿಸುತ್ತಾರಲ್ಲ, ಅದನ್ನು ನಂಬಿ ಹಿತ್ತಿಲ ಅತ್ತಿಗೆ ಕೊಡಲಿ ಹಾಕಬೇಡಿ. ಅತ್ತಿಯ ಹೂ ಕಾಯಿಯೊಳಗೇ ಇರುತ್ತದೆ, ಪರಾಗ ಹೊರುವುದು ಪುಟ್ಟ ಕಣಜ; ಗಾಳಿಗೆ ಏನೂ ಬರುವುದಿಲ್ಲ.

ಉತ್ತರ 3: ಉಸಿರುಕೊಳವೆ

ಸೀನಿಗೆ ಕರಿಪುಡಿಗಿಂತ ಹೆಚ್ಚು ಅನುಮಾನ ಪರಾಗದ ಮೇಲೆ. ಗಾಳಿಮರ ನಮ್ಮಲ್ಲಿ ವರ್ಷಕ್ಕೆರಡು ಸಲ ಹೂ ಬಿಡುತ್ತದೆ, ಫೆಬ್ರುವರಿಯಿಂದ ಏಪ್ರಿಲ್, ಮತ್ತೆ ಸೆಪ್ಟೆಂಬರ್-ಅಕ್ಟೋಬರ್. ಸೂಜಿಕಡ್ಡಿಗಳ ತುದಿಯ ಕಂದು ಕದಿರನ್ನು ಕಪ್ಪು ಬಟ್ಟೆಯ ಮೇಲೆ ತಟ್ಟಿದರೆ ಹಳದಿ ಹುಡಿ ಉದುರುವುದು ಕಾಣುತ್ತದೆ. ಮರ ಪಡುವಣಕ್ಕಿದೆ, ಕಡಲಗಾಳಿ ಏಳುವುದು ಮಧ್ಯಾಹ್ನಕ್ಕೆ ಮುಂಚೆ, ಸೀನು ಮಧ್ಯಾಹ್ನ. ಲೆಕ್ಕ ಕೂಡುತ್ತದೆ. ಒಣಗಿದ ತುದಿಯಲ್ಲಿ ಕದಿರು ಬರುವುದಿಲ್ಲವಾದ್ದರಿಂದ ಹುಡಿ ಬರುತ್ತಿರುವುದು ಹೆಚ್ಚಾಗಿ ಆರೋಗ್ಯವಾಗಿರುವ ಹನ್ನೊಂದರಿಂದ!

ಬೀಜಕಣದ ತೊಂದರೆಯ ಲಕ್ಷಣವೇ ಬೇರೆ. ಬ್ರಿಟನ್ನಿನ ಸಿಕಮೋರ್ ಪುಡಿಯನ್ನು ಉಸಿರಿನಲ್ಲಿ ವಿಪರೀತ ಎಳೆದುಕೊಂಡವರಿಗೆ ಸೀನಲ್ಲ, ನಾಲ್ಕರಿಂದ ಎಂಟು ಗಂಟೆ ಕಳೆದು ಜ್ವರ, ಒಣಕೆಮ್ಮು, ಏದುಸಿರು. ಮರ ಕಡಿದ ಸಂಜೆ ಯಾರಿಗಾದರೂ ಹೀಗಾದರೆ ಫ್ಲೂ ಎಂದು ಮಲಗಿಸದೆ ವೈದ್ಯರಿಗೆ ಪುಡಿಯ ವಿಷಯ ಹೇಳಿ.

ಈಗ ಮಾಡಬಹುದಾದ್ದು: ಹತ್ತೂವರೆಯಿಂದ ಸಂಜೆಯ ತನಕ ಪಡುವಣ ಕಿಟಕಿ ಮುಚ್ಚಿ, ಮೂಡಣದ್ದು ತೆರೆಯಿರಿ. ಹಾಸಿಗೆ ಬಟ್ಟೆ ಆ ಹೊತ್ತಿಗೆ ಹೊರಗೆ ಒಣಹಾಕಬೇಡಿ. ಮೂಗು ತೊಳೆಯಲು 240 ಮಿ.ಲೀ. ನೀರಿಗೆ ಅಯೋಡಿನ್ ಇಲ್ಲದ ಉಪ್ಪು ಸುಮಾರು 2 ಗ್ರಾಂ, ಚಿಟಿಕೆ ಅಡಿಗೆ ಸೋಡಾ. ಬಾವಿನೀರು ಕುದಿಸಿ ಆರಿಸಿಯೇ ಬಳಸಬೇಕು, ಹಸಿ ನೀರಿನ ಅಮೀಬಾ ಮೂಗಿನಿಂದ ಮಿದುಳಿಗೆ ಹೋದರೆ ಜೀವಕ್ಕೇ ಅಪಾಯ. ಮೂಗಿನ ಸ್ಟೀರಾಯ್ಡ್ ಸ್ಪ್ರೇ ಪೂರ್ತಿ ಹಿಡಿಯಲು ಒಂದೆರಡು ವಾರ ಬೇಕು. ವೈದ್ಯರನ್ನು ಕೇಳಿ ಮುಂದಿನ ಸಲ ಜನವರಿ ಕೊನೆಗೇ ಆರಂಭಿಸಿ. ಅಲರ್ಜಿ ಯಾವುದರದೆಂದು ತಿಳಿಯುವ ಚರ್ಮ ಪರೀಕ್ಷೆಗೆ ಹೋಗುವುದಾದರೆ ಸಿಟ್ರಿಜಿನ್‌ನಂಥ ಮಾತ್ರೆ ಒಂದು ವಾರ ಮುಂಚೆ ನಿಲ್ಲಿಸಬೇಕು, ಇಲ್ಲದಿದ್ದರೆ ಫಲಿತಾಂಶ ಸುಳ್ಳಾಗುತ್ತದೆ.

ಮಾಜಾಳಿ_ಪಡುಬದಿ

ಮೂರನ್ನು ಮಾತ್ರ ತೆಗೆಸುತ್ತೇನೆ. ಹಿತ್ತಿಲಲ್ಲಿ ಮಾವು, ಗೇರು ಕೂಡ ಇದೇ ಹೊತ್ತಿಗೆ ಹೂ ಬಿಡುತ್ತವೆ. ಅವು ಕಾರಣ ಅಲ್ಲ ಎಂದು ತಿಳಿಯುವುದು ಹೇಗೆ?

ಉಸಿರುಕೊಳವೆ

ಅವುಗಳ ಪರಾಗ ಅಂಟು, ನೊಣ-ಜೇನು ಹೊರುವಂಥದ್ದು, ದೂರ ಹಾರದು. ಗಾಜಿನ ಸ್ಲೈಡಿಗೆ ವ್ಯಾಸಲೀನ್ ತೆಳ್ಳಗೆ ಸವರಿ ಪಡುವಣ ಕಿಟಕಿಯಲ್ಲಿ 24 ಗಂಟೆ ತೂಗುಬಿಡಿ, ಇನ್ನೊಂದನ್ನು ಮೂಡಣದಲ್ಲಿ. ಎರಡನ್ನೂ ಡಬ್ಬಿಯಲ್ಲಿ ಮುಚ್ಚಿ, ದಿನಾಂಕ ಬರೆದು, ಸಸ್ಯಶಾಸ್ತ್ರ ಇರುವ ಯಾವುದಾದರೂ ಕಾಲೇಜಿನ ಸೂಕ್ಷ್ಮದರ್ಶಕದಡಿ ನೋಡಿಸಿ. ಗಾಳಿಮರದ ಪರಾಗ ಸುಮಾರು 30 ಮೈಕ್ರಾನ್, ಅಂಚಿನಲ್ಲಿ ಮೂರು ರಂಧ್ರ. ಹೋಲಿಸಲು ಕದಿರಿನದೂ ಬೊಕ್ಕೆಯದೂ ಒಂದೊಂದು ಚಿಟಿಕೆ ಬೇರೆ ಬೇರೆ ಕಾಗದದಲ್ಲಿ ಕಟ್ಟಿಕೊಂಡು ಹೋಗಿ. ಬೊಕ್ಕೆಯ ಪುಡಿ ತೆಗೆಯುವಾಗ ಮಾಸ್ಕ್ ಮರೆಯಬೇಡಿ.